ಬಿಡ್ತು ಅನ್ನು ಸಣ್ಣವ್ವಾ

ಹೋದ ಭಾನುವಾರ ಮಾನ್ವಿಯ ಒಂದು ಮನೆಯಲ್ಲಿ ನಾವೆಲ್ಲ ಸೇರಿ ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಿದೆವು.

ಗಾಬರಿಯಾಗಬೇಡಿ. ಪೊಲೀಸರಿಗೆ ಫೋನ್ ಮಾಡುವಂಥದ್ದೇನೂ ಆಗಲಿಲ್ಲ. ಆಕೆಯನ್ನು ಯಾರೂ ಬೈಯಲಿಲ್ಲ, ಹೆದರಿಸಲಿಲ್ಲ. ಬಹಳ ಪ್ರೀತಿಯಿಂದ, ಕಣ್ಣಲ್ಲಿ ನೀರು ತುಂಬಿಕೊಂಡು ಎರಡೇ ಪದ ಹೇಳಿದೆವು. "ಬಿಡ್ತು ಅನ್ನು."

ನಿಮ್ಮ ಮನೆಯಲ್ಲೂ ಹೇಳುತ್ತೀರಿ, ನನಗೆ ಗೊತ್ತು. ಯಾರಾದರೂ ಸಾವಿನ ಮಾತು ಎತ್ತಿದರೆ ಸಾಕು, ಪಕ್ಕದಲ್ಲಿದ್ದವರು ಹೌಹಾರಿ "ಬಿಡ್ತು ಅನ್ನು" ಅನ್ನುತ್ತಾರೆ. ಮಾತೆತ್ತಿದವರು ಪೆಚ್ಚುಮೋರೆ ಹಾಕಿಕೊಂಡು "ಬಿಡ್ತು" ಅನ್ನುತ್ತಾರೆ. ಅಲ್ಲಿಗೆ ಅಪಶಕುನ ಕಳೆಯಿತು. ಇನ್ನು ಎಲ್ಲರೂ ನಿಶ್ಚಿಂತೆಯಿಂದ ಚಹಾ ಕುಡಿಯಬಹುದು. (ಯಮನಿಗೂ ಈ ಪದ್ಧತಿ ಗೊತ್ತಿರಬೇಕು ಅಂತ ನಾವೆಲ್ಲ ನಂಬಿಕೊಂಡಿದ್ದೇವೆ.)

ಬಾಯಿ ಮುಚ್ಚಿಸಿಕೊಂಡವಳು ನನ್ನ ಸಣ್ಣವ್ವ. ನನ್ನ ತಾಯಿಯ ತಂಗಿ, ಹುಲಿಗೆಮ್ಮ. ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡಿ ಎಷ್ಟೋ ವರ್ಷ ಹುಡುಗರಿಗೆ ಉಣ್ಣಿಸಿದವಳು. ಈಗ ಆಕೆಯ ಹೊಟ್ಟೆಯಲ್ಲಿ ಒಂದು ಗಡ್ಡೆ ಬೆಳೆದಿದೆ. ರಾಯಚೂರಿನ ಡಾಕ್ಟರು ನನ್ನ ಎದುರಿಗೇ ಹೇಳಿದ್ದರು. "ಹಾರ್ಟ್ ಸ್ವಲ್ಪ ವೀಕ್ ಇದೆ, ಆಪರೇಷನ್ ರಿಸ್ಕ್. ಆದರೆ ಮಾಡದೆ ಬಿಟ್ಟರೆ ಇನ್ನೂ ರಿಸ್ಕ್. ಸೋಮವಾರ ಬಂದು ಅಡ್ಮಿಟ್ ಆಗಿ."

ಶನಿವಾರ ದೇವದುರ್ಗದಿಂದ ಸಣ್ಣವ್ವನ ಮಗಳು ನರಸಮ್ಮ ಫೋನ್ ಮಾಡಿದಳು.

"ಅಕ್ಕಾ, ಯವ್ವ ದವಾಖಾನಿಗಿ ಬರಲ್ಲ ಅಂತ ಹಟ ಹಿಡದು ಕುಂತಾಳ. ನಾಳಿ ಎಲ್ಲಾರೂ ಮಾನ್ವಿಗಿ ಹೊಂಟೀವಿ. ನೀನೂ ಬಾ. ನಿನ್ನ ಮಾತು ಕೇಳ್ತಾಳ."

ನನ್ನ ಮಾತು ಕೇಳುವವರು ನಮ್ಮ ಬಳಗದಲ್ಲಿ ಈವರೆಗೆ ಹುಟ್ಟಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಪೇಪರಿನಲ್ಲಿ ಬರೆಯುತ್ತೇನೆ ಅಂತ ಕರೆಯುತ್ತಾರೆ, ಅಷ್ಟೇ. ಆದರೂ ಬಸ್ ಹತ್ತಿದೆ.

ಸಣ್ಣವ್ವನ ಹಟಕ್ಕೆ ಕಾರಣ ಹೆದರಿಕೆ ಅಂದುಕೊಂಡಿದ್ದೆ. ಕಾರಣ ಬೇರೆ ಇತ್ತು. ಬಾಗಿಲಲ್ಲೇ ನನ್ನ ಕೈ ಹಿಡಿದು ಹೇಳಿದಳು. "ಶಕ್ಕು, ನನ್ನ ಹೊಟ್ಟಿ ಕೊಯ್ತಾರೋ, ತಲಿ ಕೊಯ್ತಾರೋ, ನಂಗೇನಿಲ್ಲ. ಅಂಬಣ್ಣನ ದಾರಿ ಏನಂತ ಹೇಳ್ರಿ. ಆಮ್ಯಾಲ ಎಲ್ಲಿಗಿ ಬೇಕಾದ್ರೂ ಕರಕೊಂಡು ಹೋಗ್ರಿ."

ಅಂಬಣ್ಣ ಆಕೆಯ ಮಗ. ವಯಸ್ಸು ನಲವತ್ತರ ಹತ್ತಿರ. ಹುಟ್ಟಿನಿಂದಲೇ ಬುದ್ಧಿ ನಿಧಾನ. ಎರಡು ಓಣಿ ಆಚೆ ಖಾಜಾ ಅನ್ನುವವನ ಹಿಟ್ಟಿನ ಗಿರಣಿ ಇದೆ. ಅಂಬಣ್ಣ ದಿನಾ ಅಲ್ಲಿಗೆ ಹೋಗುತ್ತಾನೆ. ಡಬ್ಬಿ ಎತ್ತಿಕೊಡುತ್ತಾನೆ, ಕಸ ಹೊಡೆಯುತ್ತಾನೆ, ಬಂದವರನ್ನೆಲ್ಲ ಮಾತಾಡಿಸುತ್ತಾನೆ. ಅವನಿಗೆ ಒಂದು ತೊಂದರೆ. ಹಸಿವಾದರೆ ತಾನಾಗಿ ಹೇಳುವುದಿಲ್ಲ. ಯಾರಾದರೂ ಹೆಸರು ಹಿಡಿದು "ಅಂಬಣ್ಣಾ, ಉಣ್ಣಾಕ ಬಾ" ಅಂತ ಕರೆಯಬೇಕು. ಕರೆಯದಿದ್ದರೆ ತಟ್ಟೆ ಎದುರಿಗಿದ್ದರೂ ಮುಟ್ಟುವುದಿಲ್ಲ. ಹಿಂದೊಮ್ಮೆ ಸಣ್ಣವ್ವ ಜ್ವರ ಬಂದು ಮಲಗಿದ್ದಾಗ ಗಿರಣಿಯಲ್ಲಿ ತಲೆತಿರುಗಿ ಬಿದ್ದಿದ್ದ.

ಅವನಿಗೆ ಮಾಸಾಶನ ಬರುತ್ತದೆ. ಆದರೆ ಮಾಸಾಶನ ಊಟಕ್ಕೆ ಕರೆಯುವುದಿಲ್ಲವಲ್ಲ?

ಸರಿ, ಸಭೆ ಕೂತಿತು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಗೋಡೆಗೆ ಬೆನ್ನು ಕೊಟ್ಟು ಹಣಮಂತಪ್ಪ ಕಾಕಾ ಕೂತಿದ್ದರು. ಸಣ್ಣವ್ವನ ಮೈದುನ, ತೀರಿಹೋದ ಗಂಡನ ತಮ್ಮ, ಸಿರವಾರದವರು. ನರಸಮ್ಮ ಇದ್ದಳು. ಅವಳ ಗಂಡ ದೇವೇಂದ್ರಪ್ಪ ಇದ್ದರು. ದೇವದುರ್ಗದಲ್ಲಿ ಶಾಲೆ ಮೇಷ್ಟ್ರು, ಮಾತು ಬಹಳ ಕಡಿಮೆ. ನಾನಿದ್ದೆ. ಅಂಬಣ್ಣ ಇರಲಿಲ್ಲ. "ಅಂವ ಇದ್ರ ಸುಮ್ನ ಬ್ಯಾಸರ ಮಾಡ್ಕೊಂತಾನ" ಅಂತ ಕಾಕಾ ಅವನನ್ನು ಗಿರಣಿಗೆ ಕಳಿಸಿಬಿಟ್ಟಿದ್ದರು.

ಸಣ್ಣವ್ವ ಗಂಟಲು ಸರಿ ಮಾಡಿಕೊಂಡಳು.

"ನೋಡ್ರಿ, ನಾ ಸತ್ತ ಮ್ಯಾಲ…"

"ಬಿಡ್ತು ಅನ್ನು ಅತ್ತಿಗಿ!" ಕಾಕಾ ಕೂತಲ್ಲೇ ಜಿಗಿದರು. ನರಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು "ಬಿಡ್ತು ಅನ್ನಬೇ ಯವ್ವಾ" ಅಂದಳು. ನಾನೂ ಅಂದೆ. ನಾಲಿಗೆ ತಾನೇ ಅಂದುಬಿಟ್ಟಿತು.

ಸಣ್ಣವ್ವ "ಬಿಡ್ತು" ಅಂದಳು. ಉಪ್ಪಿಟ್ಟು ಬಂತು, ತಿಂದೆವು.

ಮತ್ತೆ ಶುರು ಮಾಡಿದಳು. "ಅಲ್ಲಪಾ ಹಣಮಂತಪ್ಪಾ, ಒಂದು ವ್ಯಾಳ್ಯಾ ನಾ ತಿರುಗಿ ಬರ್ಲಿಲ್ಲಂದ್ರ…"

"ಬಿಡ್ತು ಅನ್ನು! ಯಾಕ ಬರಂಗಿಲ್ಲ? ಗುಂಡಕಲ್ಲಿನಂಗ ಬರ್ತಿ!"

"ಬಂದ್ರ ಛಲೋನ ಆತು. ಬರದಿದ್ರ ಅಂಬಣ್ಣಗ…"

"ನಾವು ಸತ್ತೀವೇನು ಅತ್ತಿಗಿ? ಅಂವನ್ನ ನಡುನೀರಾಗ ಕೈ ಬಿಡ್ತೀವೇನು?"

ಕೇಳಲಿಕ್ಕೆ ಎಷ್ಟು ಹಿತ ಅಲ್ಲವೇ? ಸಿನಿಮಾ ಆಗಿದ್ದರೆ ಇಲ್ಲಿ ಹಿನ್ನೆಲೆ ಸಂಗೀತ ಬರುತ್ತಿತ್ತು. ಆದರೆ ಯಾರು ಕೈ ಹಿಡಿಯುವುದು? ಯಾವ ಊರಲ್ಲಿ? ಮಧ್ಯಾಹ್ನ ಊಟಕ್ಕೆ ಕರೆಯುವುದು ಯಾರು, ರಾತ್ರಿ ಪಕ್ಕದಲ್ಲಿ ಮಲಗುವುದು ಯಾರು? ಅದನ್ನು ಕೇಳಿದರೆ ಕೇಳಿದವರೇ ಕೆಟ್ಟವರು. ನಮ್ಮಲ್ಲಿ ಒಂದು ಮದುವೆ ಅಂದರೆ ಹೋಳಿಗೆ ಯಾರು ಬಡಿಸಬೇಕು, ತುಪ್ಪ ಯಾರು ಹಾಕಬೇಕು ಅಂತ ಆರು ತಿಂಗಳು ಮೊದಲೇ ಪ್ಲಾನ್ ಆಗುತ್ತದೆ. ತುಪ್ಪದವನು ಕೈಕೊಟ್ಟರೆ ಏನು ಮಾಡಬೇಕು ಅನ್ನುವುದಕ್ಕೂ ಇನ್ನೊಂದು ಪ್ಲಾನ್ ಇರುತ್ತದೆ. ಒಬ್ಬ ಮನುಷ್ಯನ ಉಳಿದ ಬದುಕಿಗೆ ಮಾತ್ರ "ನಾವಿಲ್ಲೇನು" ಅಂದರೆ ಮುಗಿಯಿತು.

ಹೊರಗೆ ಬಿಸಿಲು ಏರುತ್ತಿತ್ತು. ಮರುದಿನ ಬೆಳಿಗ್ಗೆ ಗಾಡಿ ಹೇಳಿ ಆಗಿತ್ತು. ಸಣ್ಣವ್ವ ಮಾತ್ರ ಒಂದು ಸೀರೆಯನ್ನೂ ಬ್ಯಾಗಿಗೆ ಹಾಕಿರಲಿಲ್ಲ.

ಆಗ ಕಾಕಾ ಬಾಂಬ್ ಹಾಕಿದರು.

"ಇದಕ್ಕೆಲ್ಲ ನಾ ಒಂದು ದಾರಿ ನೋಡೀನಿ. ಅಂಬಣ್ಣಗ ಲಗ್ನ ಮಾಡಿಬಿಡಾಮು. ಯಾಪಲದಿನ್ನಿಯಾಗ ಒಂದು ಹುಡುಗಿ ಅದ. ಬಡವ್ರು. ಮಾತಾಡೀನಿ. ಮನಿಗೊಂದು ಹೆಣ್ಣು ಬಂತಂದ್ರ ಅಡಗಿ ಆತು, ಅಂಬಣ್ಣಗ ನೋಡ್ಕೊಳ್ಳೋದೂ ಆತು."

ನನ್ನ ಸಿಟ್ಟಿನ ಪರಿಚಯ ನಿಮಗಿದೆ. ಹಲ್ಲು ಕಚ್ಚಿಕೊಂಡು ಕೇಳಿದೆ. "ಕಾಕಾ, ಅಂಬಣ್ಣ ಹೆಂಗದಾನಂತ ಅವರಿಗಿ ಹೇಳೀರೇನು?"

"ಅವರಪ್ಪಗ ಹೇಳೀನಿ."

"ಹುಡುಗಿಗಿ?"

"ಹುಡುಗಿಗಿ ಏನು ಕೇಳೋದದ ಅದರಾಗ?"

ನೋಡಿ, ಎಷ್ಟು ಸಲೀಸು! ನಾವು ಯಾರೂ ಹೊರಲಾರದ ಭಾರವನ್ನು ಹೊರಲಿಕ್ಕೆ ಯಾವುದೋ ಊರಿನ, ಹೆಸರೂ ಗೊತ್ತಿಲ್ಲದ ಹುಡುಗಿಯ ಕೊರಳು ಹುಡುಕುವುದು. ಅದಕ್ಕೆ ಅರಿಶಿನ ಹಚ್ಚಿ, ತಾಳಿ ಕಟ್ಟಿಸಿ, ಲಗ್ನ ಅಂತ ಹೆಸರಿಡುವುದು. ನಾನು ಮತ್ತೆ ಬಾಯಿ ತೆರೆದಿದ್ದರೆ ಕಾಕಾ ಮತ್ತು ನಾನು ಈ ಜನ್ಮದಲ್ಲಿ ಮಾತಾಡುತ್ತಿರಲಿಲ್ಲವೇನೋ. ಸಣ್ಣವ್ವ ನನಗಿಂತ ಮೊದಲೇ ತೆರೆದಳು.

"ಇನ್ನೊಬ್ಬರ ಮಗಳ ಕೊರಳಿಗಿ ನನ್ನ ಮಗನ್ನ ಕಟ್ಟಲ್ಲ ಹಣಮಂತಪ್ಪಾ. ಆಕಿಗೂ ಒಬ್ಬಾಕಿ ಅವ್ವ ಇರ್ತಾಳ."

ಕಾಕಾ ಮುಖ ಕಪ್ಪಿಟ್ಟಿತು. ಪಕ್ಕದ ಮನೆಯ ಗೋಡೆಯಾಚೆ ಯಾರೋ ಕೆಮ್ಮಿದರು. ನನಗೆ ಆಗ ಹೊಳೆಯಿತು. ಹುಡುಗಿಯನ್ನು ಕೇಳಲಿಲ್ಲ ಅಂತ ನಾನು ಕಾಕಾ ಮೇಲೆ ಸಿಟ್ಟು ಮಾಡಿಕೊಂಡೆ. ಅಂಬಣ್ಣನನ್ನಾದರೂ ನಾವು ಯಾರು ಕೇಳಿದ್ದೇವೆ? ಯಾರ ಬದುಕಿನ ಬಗ್ಗೆ ಸಭೆಯೋ ಅವನೇ ಎರಡು ಓಣಿ ಆಚೆ ಹಿಟ್ಟು ಬಳಿಯುತ್ತಾ ನಿಂತಿದ್ದಾನೆ.

ಎದ್ದು ಚಪ್ಪಲಿ ಹಾಕಿಕೊಂಡೆ. "ಎಲ್ಲಿಗಿ?" ಅಂದರು ಕಾಕಾ. "ಅಂಬಣ್ಣನ್ನ ಕರಿಯಾಕ" ಅಂದೆ. "ಅಂವಗೇನು ತಿಳೀತದ?" ಅಂದರು. ಅಷ್ಟರಲ್ಲಿ ನಾನು ಹೊಸ್ತಿಲು ದಾಟಿದ್ದೆ.

ಗಿರಣಿಯಲ್ಲಿ ಖಾಜಾ ನನ್ನನ್ನು ನೋಡಿಯೂ ನೋಡದವನ ಹಾಗೆ ಜೋಳ ಸುರಿಯುತ್ತಿದ್ದ. ಯಂತ್ರದ ಸದ್ದು. ಅಂಬಣ್ಣ "ಅಕ್ಕ ಬಂದ್ಲು, ಅಕ್ಕ ಬಂದ್ಲು" ಅಂತ ಡಬ್ಬಿ ಬಿಟ್ಟು ಓಡಿ ಬಂದ. ಖಾಜಾ ಸ್ವಿಚ್ ಆರಿಸಿದ.

"ಮುಂಜಾನಿಂದ ನೋಡಾಕತ್ತೀನ್ರಿ ಮೇಡಂ. ಸಿರವಾರದವ್ರು ಬಂದ್ರು, ದೇವದುರ್ಗದವ್ರು ಬಂದ್ರು, ನೀವು ಬಂದ್ರಿ. ಅಂಬಣ್ಣಂದು ಮಾತು ಅಂತ ಓಣಿಗೆಲ್ಲ ಗೊತ್ತದ. ನನ್ನ ಕರೀಲಿಲ್ಲ."

ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ದಿನದ ಬೆಳಕೆಲ್ಲ ಅಂಬಣ್ಣ ಕಳೆಯುವುದು ಇವನ ಜೊತೆ. ವರ್ಷಕ್ಕೊಮ್ಮೆ ಬರುವ ಕಾಕಾ ಜಮಖಾನೆಯ ಮೇಲೆ, ಇವನು ಗಿರಣಿಯಲ್ಲಿ. ಯಾಕೆ? ಕಾಕಾ ಬಳಗ, ಇವನು ಬರೀ ದೋಸ್ತ.

"ಈಗ ಕರಿಯಾಕ ಬಂದೀನಿ" ಅಂದೆ.

ಬೇಕೆಂದೇ ಇನ್ನೊಂದು ಡಬ್ಬಿ ಜೋಳ ಬೀಸಿ ಮುಗಿಸಿ ನನ್ನನ್ನು ಕಾಯಿಸಿದ. ಆಮೇಲೆ ಶಟರ್ ಎಳೆದು ಬಂದ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಆ ಕೆಮ್ಮಿನ ಒಡತಿಯೂ ಸಿಕ್ಕಳು. ಪಕ್ಕದ ಮನೆಯ ಗೌರಮ್ಮ. ಸಣ್ಣವ್ವನ ಜೊತೆ ಅದೇ ಹಾಸ್ಟೆಲ್ಲಿನ ಒಲೆ ಮುಂದೆ ದುಡಿದವಳು. ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. "ನಾನೂ ಬರ್ಲೇನು, ಇಲ್ಲಾ ಗ್ವಾಡಿ ಆಚಿಂದನ ಕೇಳ್ಲೇನು?" ಬಾ ತಾಯಿ ಅಂದೆ.

ಮೂವರನ್ನೂ ಕರೆದುಕೊಂಡು ಒಳಗೆ ಬಂದಾಗ ಕಾಕಾ ಉರಿದುಬಿದ್ದರು.

"ಮನಿ ಮಾತಿಗಿ ಹೊರಗಿನವ್ರನ್ನ ಕೂಡಿಸ್ಕೊಂಡು ಏನು ಮಾಡಾಕತ್ತೀಯವ್ವಾ?"

"ಕುಂದರ್ಲಿ ಬಿಡು" ಅಂದಳು ಸಣ್ಣವ್ವ. ಗೌರಮ್ಮ ಕೂತಳು. ಖಾಜಾ ಬಾಗಿಲ ಹತ್ತಿರ ನಿಂತೇ ಇದ್ದ. ಅಂಬಣ್ಣ ಅವ್ವನ ಮಗ್ಗುಲಿಗೆ ಹೋಗಿ ಕೂತ. ಅವನ ರೆಪ್ಪೆಯ ಮೇಲೆಲ್ಲ ಹಿಟ್ಟು.

ಸಣ್ಣವ್ವ ಅವನ ಮುಖ ಒರೆಸುತ್ತಾ ಹೇಳಿದಳು. "ಅಂಬಣ್ಣಾ, ನಾಳಿ ನಾ ದವಾಖಾನಿಗಿ ಹೋಗಬೇಕಪಾ. ಹೊಟ್ಟ್ಯಾಗ ಗಂಟಾಗ್ಯಾದ."

"ಯಾವಾಗ ಬರ್ತಿ?"

"ಲಗೂನ ಬರ್ತೀನಿ. ಬರದಿದ್ರ…"

ಕಾಕಾ ಬಾಯಿ ತೆರೆದರು. ನರಸಮ್ಮ ಸೆರಗು ಎತ್ತಿದಳು. ಅಷ್ಟರಲ್ಲಿ ಅಂಬಣ್ಣ, ಸಂತೆಗೆ ಏನು ತರಬೇಕು ಅಂತ ಕೇಳುವಷ್ಟು ಸಾದಾ ದನಿಯಲ್ಲಿ, ಕೇಳಿಯೇ ಬಿಟ್ಟ.

"ನೀ ಸತ್ತ ಮ್ಯಾಲ ನಂಗ ಉಣ್ಣಾಕ ಯಾರು ಕರೀತಾರ ಯವ್ವಾ?"

ಯಾರೂ "ಬಿಡ್ತು ಅನ್ನು" ಅನ್ನಲಿಲ್ಲ. ಅವನು ಎಷ್ಟು ದಿನದಿಂದ ಈ ಪ್ರಶ್ನೆಯನ್ನು ಒಳಗೆ ಇಟ್ಟುಕೊಂಡಿದ್ದನೋ? ಅವ್ವ ಅರ್ಧಕ್ಕೆ ಬಿಟ್ಟ ಮಾತುಗಳನ್ನೆಲ್ಲ ಅವನು ಕೇಳಿಸಿಕೊಂಡಿದ್ದ. ಉಳಿದರ್ಧವನ್ನು ತಾನೇ ತುಂಬಿಕೊಂಡಿದ್ದ. ಅವನಿಗೆ ಬೇಸರವಾಗದಿರಲಿ ಅಂತ ನಾವು ಅವನನ್ನು ಹೊರಗೆ ಕಳಿಸಿದ್ದೆವು! ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

ಸಣ್ಣವ್ವ ಅಳಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಹೇಳ್ರಿ. ನನ್ನ ಬಾಯಿ ಮುಚ್ಚಿಸಿದ್ರಿ. ಈಗ ಅಂವಗ ಹೇಳ್ರಿ."

ಮೊದಲು ಮಾತಾಡಿದವರು ಆ ಮಿತಭಾಷಿ ಮೇಷ್ಟ್ರು.

"ಅತ್ತಿ, ನನ್ನ ಕಡಿಂದ ಆಗಂಗಿಲ್ಲ."

ನರಸಮ್ಮ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅವರು ನಿಲ್ಲಿಸಲಿಲ್ಲ. "ಖರೇ ಹೇಳ್ತೀನಿ. ನಮ್ಮದು ಎರಡ ಖೋಲಿ ಮನಿ. ಬೆಳದ ಹೆಣ್ಮಕ್ಳು ಅದಾರ. ಅಂಬಣ್ಣನ್ನ ಕಾಯಂ ಇಟ್ಕೊಳ್ಳಾಕ ಆಗಂಗಿಲ್ಲ. ಆದ್ರ ವಾರಕ್ಕೊಮ್ಮಿ, ಐತಾರ, ಬಂದು ಇಡೀ ದಿನ ಇರ್ತೀನಿ. ಗುಳಿಗಿ, ದವಾಖಾನಿ, ಪಿಂಚಣಿ ಕೆಲಸ ನಂದು. ನೀವು ದವಾಖಾನ್ಯಾಗ ಇರೋತನ ರಜಾ ಹಾಕಿ ಇಲ್ಲೇ ಮಲಗ್ತೀನಿ."

ನಾನು ಎಷ್ಟೋ ವರ್ಷದಿಂದ ನಮ್ಮ ಬಳಗದ ಸಭೆಗಳಲ್ಲಿ ಕೂತಿದ್ದೇನೆ. "ಆಗಂಗಿಲ್ಲ" ಅನ್ನುವ ಪದ ಅಲ್ಲಿ ಕೇಳಿದ್ದು ಅದೇ ಮೊದಲು. "ನೋಡಾಮು ಬಿಡು", "ಆತದ ಬಿಡು", "ದೇವರದಾನ" ಇವೆಲ್ಲ ಕೇಳಿದ್ದೇನೆ. ಆಗುವುದಿಲ್ಲ ಅಂದ ಮೇಲೆಯೇ ಮೇಷ್ಟ್ರಿಗೆ ಏನು ಆಗುತ್ತದೆ ಅನ್ನುವುದೂ ಬಾಯಿಗೆ ಬಂತು. ಆಶ್ಚರ್ಯವೆಂದರೆ ಸಣ್ಣವ್ವನಿಗೆ ಅಳಿಯನ ಮೇಲೆ ಸಿಟ್ಟು ಬರಲಿಲ್ಲ. ಮೊದಲ ಬಾರಿಗೆ ಯಾರೋ ನಿಜ ಹೇಳಿದರು ಅನ್ನುವ ಹಾಗೆ ತಲೆಯಾಡಿಸಿದಳು.

ಆಮೇಲೆ ಖಾಜಾ ಅಂದ. "ಹಗಲು ನನ್ ಹತ್ರ ಇರ್ಲಿ. ಯಾವಾಗಿದ್ರೂ ಇರ್ತಾನ. ರಾತ್ರಿ ನಂದೂ ಆಗಂಗಿಲ್ರಿ, ಮನ್ಯಾಗ ಜನ ಭಾಳ ಅದಾರ." ಗೌರಮ್ಮ ಅಂದಳು. "ಉಣ್ಣಾಕ ನಾ ಕರೀತೀನಿ. ಗ್ವಾಡಿ ಒಂದ ಅದ. ಆದ್ರ ಜಳಕ ಮಾಡಿಸು ಅನಬ್ಯಾಡ್ರಿ, ನನ್ನ ಸೊಂಟ ಹೋಗ್ಯಾದ."

ನರಸಮ್ಮನಿಗೆ ಇನ್ನೂ ಒಪ್ಪಿಗೆಯಿರಲಿಲ್ಲ. "ಅಂಬಣ್ಣಾ, ನನ್ನ ಜೋಡಿ ದೇವದುರ್ಗಕ್ಕ ಬರಲ್ಲೇನೋ?" ಅಂತ ಅಳುತ್ತಾ ಕೇಳಿದಳು.

ಅಂಬಣ್ಣ ಯೋಚಿಸಿ ಹೇಳಿದ. "ದೇವದುರ್ಗದಾಗ ಗಿರಣಿ ನಂದಲ್ಲ."

"ಇದೂ ನಿಂದಲ್ಲಲೇ" ಅಂದ ಖಾಜಾ. ಎಲ್ಲರೂ ನಕ್ಕೆವು, ನರಸಮ್ಮ ಕೂಡ. ಕಾಕಾ ಮಾತ್ರ ನಗಲಿಲ್ಲ.

ಉಳಿದದ್ದು ರಾತ್ರಿ. ಮೇಷ್ಟ್ರ ರಜೆ ಮುಗಿದ ಮೇಲೆ ರಾತ್ರಿ ಅಂಬಣ್ಣನ ಜೊತೆ ಯಾರು? ಅವನಿಗೆ ಕತ್ತಲೆ ಅಂದರೆ ಹೆದರಿಕೆ. ಒಬ್ಬನೇ ಮಲಗುವುದಿಲ್ಲ. ಎಲ್ಲರೂ ನೆಲ ನೋಡಿದೆವು. ನಾನೂ ನೋಡಿದೆ. ನನ್ನ ಕೆಲಸ ರಾಯಚೂರಿನಲ್ಲಿ, ಮನೆ ರಾಯಚೂರಿನಲ್ಲಿ. ಮೇಷ್ಟ್ರ ಹಾಗೆ ನಾನೂ "ಆಗಂಗಿಲ್ಲ" ಅಂದೆ.

ಕಾಕಾ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಎಲ್ಲಾ ನೀವ ಮಾಡೀರಿ. ನಾ ಯಾಕ ಇನ್ನ?" ಚಹಾ ಮುಟ್ಟಲಿಲ್ಲ. ಸಿರವಾರದ ಬಸ್ಸಿಗೆ ಹೋಗಿಬಿಟ್ಟರು. ಸಣ್ಣವ್ವ ಬಾಗಿಲವರೆಗೆ ಹೋಗಿ ಕರೆದಳು, ತಿರುಗಿ ನೋಡಲಿಲ್ಲ.

ರಾತ್ರಿಯ ಜಾಗ ಖಾಲಿ ಉಳಿಯಿತು. ಆದರೂ ಸಣ್ಣವ್ವ ಒಳಗೆ ಹೋಗಿ ಸೀರೆ ಮಡಚತೊಡಗಿದಳು.

ಸೋಮವಾರ ಅಡ್ಮಿಟ್ ಆದಳು. ಮರುದಿನ ಮಧ್ಯಾಹ್ನ ಒಪ್ಪಿಗೆಗೆ ಸಹಿ ಹಾಕಿ ಅಂತ ನರ್ಸ್ ಬಂದರೆ, "ತಡಿಯವ್ವಾ, ಒಂದು ಫೋನು ಬರಬೇಕು" ಅಂತ ಕೂತಳು. ನರ್ಸ್ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಒಂದೂವರೆ ಆಯಿತು, ಎರಡಾಯಿತು. ಗೌರಮ್ಮ ಮರೆತಳೇ? ಕಡೆಗೆ ಖಾಜಾನ ನಂಬರಿನಿಂದ ಫೋನ್ ಬಂತು. ಸ್ಪೀಕರ್ ಹಾಕಿದೆ.

"ಯವ್ವಾ, ಉಂಡೆ. ಗೌರವ್ವ ಕರದ್ಲು. ಸಾರು ಸಪ್ಪಗಿತ್ತು."

"ಆಕಿ ಮೊದಲಿಂದಾನೂ ಉಪ್ಪು ಕಡಿಮೀನ ಹಾಕ್ತಾಳ" ಅಂದಳು ಸಣ್ಣವ್ವ. ಪೆನ್ನು ತಗೊಂಡು ಸಹಿ ಹಾಕಿದಳು.

ಆಪರೇಷನ್ ಏನಾಯಿತು ಅಂತ ಕೇಳುತ್ತೀರಿ. ಗಡ್ಡೆ ತೆಗೆದಿದ್ದಾರೆ. ಸಣ್ಣವ್ವ ಇನ್ನೂ ಐಸಿಯುನಲ್ಲಿದ್ದಾಳೆ, ಕಣ್ಣು ಪೂರಾ ಬಿಟ್ಟಿಲ್ಲ. "ಈಗಲೇ ಏನೂ ಹೇಳೋಕಾಗಲ್ಲ" ಅಂದಿದ್ದಾರೆ ಡಾಕ್ಟರು. ಇದನ್ನು ಆ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಇಂದು ಬೆಳಿಗ್ಗೆ ಈ ಬೆಂಚಿಗೆ ಇನ್ನೊಬ್ಬರು ಬಂದು ಕೂತರು. ಹಣಮಂತಪ್ಪ ಕಾಕಾ. ಸಿರವಾರದಿಂದ ಮೊದಲ ಬಸ್ಸಿಗೆ ಬಂದಿದ್ದರು. ಐಸಿಯು ಬಾಗಿಲ ಗಾಜಿನ ಕಡೆಗೇ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ಶುರು ಮಾಡಿದರು.

"ಶಕ್ಕವ್ವಾ, ಅತ್ತಿಗಿಗಿ ಒಂದು ವ್ಯಾಳ್ಯಾ ಏನರ ಹೆಚ್ಚುಕಡಿಮಿ ಆದ್ರ…"

ಆ ಎರಡು ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟೆಲ್ಲ ನೋಡಿದ ಮೇಲೂ! ತುಟಿ ಕಚ್ಚಿಕೊಂಡು ನುಂಗಿದೆ. "ಹೇಳ್ರಿ ಕಾಕಾ" ಅಂದೆ.

"…ರಾತ್ರಿ ಅಂಬಣ್ಣನ ಹತ್ರ ನಾ ಮಲಗ್ತೀನಿ. ನಿಮ್ಮ ಕಾಕಿನೂ ಕರಕೊಂಡು ಮಾನ್ವಿಗೇ ಬರ್ತೀನಿ. ಆವತ್ತ ಹೇಳಬೇಕಂತ ಮಾಡಿದ್ದೆ. ಸತ್ತ ಮ್ಯಾಲಿನ ಮಾತು ಬಾಯಿಲೆ ಆಡಾಕ ಧೈರ್ಯ ಆಗ್ಲಿಲ್ಲ."

ನಿಮ್ಮ ಮನೆಯಲ್ಲಿ ಯಾರ ಮಾತನ್ನು ಅರ್ಧಕ್ಕೇ "ಬಿಡ್ತು" ಅನ್ನಿಸಿ ನಿಲ್ಲಿಸಿದ್ದೀರಿ?